ಕ್ಯಾಮೆರಾಗಿಂತ ಮೊದಲು ಬಲ್ಬ್ ನೋಡಿ: ರಾತ್ರಿ ಆಟದ ವಿಡಿಯೊ ಮಾಡುವವರಿಗೆ ಕೆಲವು ಮಾತು

ಕರಾವಳಿಯ ಒಂದು ಕಾಲೇಜಿನಲ್ಲಿ, ಫೋಟೊ ಮತ್ತು ವಿಡಿಯೊ ಹುಚ್ಚು ಹಿಡಿಸಿಕೊಂಡ ಹುಡುಗ ಹುಡುಗಿಯರ ಮುಂದೆ ಆಡಿದ ಮಾತು ಇದು. ರೆಕಾರ್ಡಿಂಗ್ ಕೇಳಿಕೊಂಡು ಬರಹಕ್ಕೆ ಇಳಿಸಿದ್ದೇನೆ. ಹೇಳಿದ್ದನ್ನೇ ಹೇಳಿದ ಕಡೆ ಕತ್ತರಿ ಹಾಕಿದ್ದೇನೆ. ಕೊನೆಯಲ್ಲಿ ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಉಳಿಸಿಕೊಂಡಿದ್ದೇನೆ.

ಎಲ್ಲರಿಗೂ ನಮಸ್ಕಾರ. ಹೊಟ್ಟೆಪಾಡಿಗೆ ನಾನು ಮಾಡುವ ಕೆಲಸ ಬೇರೆ. ಕ್ಯಾಮೆರಾ ಬರೀ ಹವ್ಯಾಸ. ಅದರಲ್ಲೂ ನಾನು ಹಿಡಿದದ್ದು ಒಂದೇ ಮೂಲೆ: ಯಕ್ಷಗಾನ, ಅದೂ ಬಯಲಿನಲ್ಲಿ ನಡೆಯುವ ರಾತ್ರಿ ಆಟ. ಹಕ್ಕಿ, ಹುಲಿ, ಬೆಟ್ಟದ ಮೇಲಿನ ಸೂರ್ಯೋದಯ ಇವೆಲ್ಲ ನನಗೆ ಅಷ್ಟು ಗೊತ್ತಿಲ್ಲ. ಹಾಗಾಗಿ ಇವತ್ತಿನ ಮಾತೂ ಆ ಮೂಲೆಯದ್ದೇ. ಆದರೆ ಮದುವೆ ಮನೆ, ಶಾಲೆಯ ವಾರ್ಷಿಕೋತ್ಸವ, ಊರ ಜಾತ್ರೆ, ಎಲ್ಲೇ ಹೋದರೂ ಇದರಲ್ಲಿ ಅರ್ಧಕ್ಕಿಂತ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ನಿಮ್ಮ ವಯಸ್ಸಿನವರು ನನ್ನ ಹತ್ತಿರ ಮೊದಲು ಕೇಳುವುದು ‘ಯಾವ ಕ್ಯಾಮೆರಾ ತಗೊಳ್ಳಲಿ ಸರ್?’ ಅಂತ. ನಾನು ತಿರುಗಿಸಿ ಕೇಳುತ್ತೇನೆ: ‘ನೀವು ಶೂಟ್ ಮಾಡುವ ಜಾಗದಲ್ಲಿ ಯಾವ ದೀಪ ಇದೆ?’ ಹೆಚ್ಚಿನವರು ಸುಮ್ಮನಾಗುತ್ತಾರೆ. ಲೆನ್ಸ್ ನಂಬರ್, ಮೆಗಾಪಿಕ್ಸೆಲ್ ಎಲ್ಲ ಬಾಯಿಪಾಠ ಇರುತ್ತದೆ. ತಲೆಯ ಮೇಲೆ ಉರಿಯುವ ದೀಪದ ಬಗ್ಗೆ ಮಾತ್ರ ಯಾರೂ ಯೋಚಿಸಿರುವುದಿಲ್ಲ. ಸ್ಟುಡಿಯೊದಲ್ಲಿ ದೀಪ ನಿಮ್ಮದು. ರಂಗಸ್ಥಳದಲ್ಲಿ ದೀಪ ನಿಮ್ಮದಲ್ಲ. ಅದು ಮೇಳದ್ದು, ಲೈಟಿನವರದ್ದು, ಎದುರು ಕೂತು ನೋಡುವವರದ್ದು. ಅದನ್ನು ಮುಟ್ಟುವ ಹಕ್ಕು ನಮಗಿಲ್ಲ. ಅದು ಹೇಗೆ ಉರಿಯುತ್ತಿದೆ ಅಂತ ತಿಳಿದುಕೊಂಡು ನಮ್ಮ ಕ್ಯಾಮೆರಾವನ್ನು ಅದಕ್ಕೆ ಹೊಂದಿಸಬೇಕು ಅಷ್ಟೇ.

ಮೊದಲು ಪಟ್ಟೆಯ ವಿಷಯ. ಮೊಬೈಲಿನಲ್ಲಿ ಆಟದ ವಿಡಿಯೊ ತೆಗೆದಾಗ ಚಿತ್ರದ ಮೇಲೆ ಅಡ್ಡಡ್ಡ ಕಪ್ಪು ಪಟ್ಟೆಗಳು ಮೇಲಿಂದ ಕೆಳಗೆ ಜಾರುವುದನ್ನು ನೀವೆಲ್ಲ ನೋಡಿದ್ದೀರಿ, ಅಲ್ವಾ? ಕ್ಯಾಮೆರಾ ಹಾಳಾಗಿದೆ ಅಂದುಕೊಂಡು ಅಂಗಡಿಗೆ ಒಯ್ದವರೂ ಇದ್ದಾರೆ. ಕ್ಯಾಮೆರಾದಲ್ಲಿ ಏನೂ ದೋಷ ಇಲ್ಲ. ನಮ್ಮ ದೇಶದ ಕರೆಂಟು 50 ಹರ್ಟ್ಸ್‌ದು. ಸೆಕೆಂಡಿಗೆ 50 ಸಲ ಅದು ಒಂದು ದಿಕ್ಕಿಗೆ ಹೋಗಿ ಮತ್ತೆ ಹಿಂದಕ್ಕೆ ಬರುತ್ತದೆ. ಬಲ್ಬಿಗೆ ದಿಕ್ಕು ಯಾವುದಾದರೇನು, ಕರೆಂಟು ಹರಿದರೆ ಸಾಕು. ಹೋಗುವಾಗ ಒಮ್ಮೆ, ಬರುವಾಗ ಒಮ್ಮೆ, ಹೀಗೆ ಸೆಕೆಂಡಿಗೆ 100 ಸಲ ಬೆಳಕು ಏರಿ ಇಳಿಯುತ್ತದೆ. ನಮ್ಮ ಕಣ್ಣಿಗೆ ಅದು ಗೊತ್ತಾಗುವುದಿಲ್ಲ.

ಹಳೇ ಹ್ಯಾಲೊಜೆನ್ ದೀಪದಲ್ಲಿ ಈ ಏರಿಳಿತ ಕಡಿಮೆ. ಒಳಗಿನ ತಂತಿ ಕೆಂಪಗೆ ಕಾದಿರುತ್ತದೆ, ಸೆಕೆಂಡಿನ ನೂರನೇ ಒಂದು ಭಾಗದಲ್ಲಿ ಅದು ಆರಲಾರದು. ಚೋಕ್ ಇರುವ ಟ್ಯೂಬ್‌ಲೈಟಿನಲ್ಲಿ ಜಾಸ್ತಿ. ಅಗ್ಗದ ಎಲ್‌ಇಡಿಯಲ್ಲಿ ಇನ್ನೂ ಜಾಸ್ತಿ. ಒಳಗಿನ ಸರ್ಕಿಟ್‌ನಲ್ಲಿ ಕರೆಂಟನ್ನು ಸಮ ಮಾಡುವ ಭಾಗವನ್ನೇ ದುಡ್ಡು ಉಳಿಸಲಿಕ್ಕೆ ಚಿಕ್ಕದು ಮಾಡಿರುತ್ತಾರೆ. ಕ್ಯಾಮೆರಾದ ಕಡೆಯಿಂದ ಇನ್ನೊಂದು ಸಂಗತಿ ಇದೆ. ಹೆಚ್ಚಿನ ಕ್ಯಾಮೆರಾಗಳ ಸೆನ್ಸರ್ ಇಡೀ ಚಿತ್ರವನ್ನು ಒಂದೇ ಏಟಿಗೆ ಓದುವುದಿಲ್ಲ, ಮೇಲಿನ ಸಾಲಿನಿಂದ ಶುರು ಮಾಡಿ ಕೆಳಗಿನವರೆಗೆ ಸಾಲು ಸಾಲಾಗಿ ಓದುತ್ತದೆ. ಒಂದು ಸಾಲು ಓದುವಾಗ ದೀಪ ಜೋರಾಗಿರುತ್ತದೆ, ಇನ್ನೊಂದು ಸಾಲಿಗೆ ಬರುವಾಗ ಮಂಕಾಗಿರುತ್ತದೆ. ಪಟ್ಟೆ ಬರುವುದು ಹೀಗೆ.

ಪರಿಹಾರ ಸುಲಭ, ಕಾಸೂ ಬೇಡ. ಷಟರನ್ನು, ಅಂದರೆ ಪ್ರತಿ ಚಿತ್ರಕ್ಕೂ ಸೆನ್ಸರ್ ಬೆಳಕು ಹಿಡಿಯುವ ಹೊತ್ತನ್ನು, ಸೆಕೆಂಡಿನ 1/50ಕ್ಕೆ ಇಡಿ. ಆಗ ಪ್ರತಿ ಸಾಲೂ ಎರಡು ಪೂರ್ತಿ ಏರಿಳಿತಕ್ಕೆ ತೆರೆದಿರುತ್ತದೆ. ಎಲ್ಲಿಂದ ಶುರುವಾದರೂ ಎಲ್ಲ ಸಾಲಿಗೂ ಸಿಗುವ ಬೆಳಕು ಒಂದೇ. 1/100 ಇಟ್ಟರೆ ಒಂದು ಪೂರ್ತಿ ಏರಿಳಿತ. ಅದೂ ಸರಿಯೇ. 1/60 ಇಟ್ಟರೆ ಒಂದೂ ಮುಕ್ಕಾಲಿನ ಹತ್ತಿರ ಬಂದು ನಿಲ್ಲುತ್ತದೆ, ಲೆಕ್ಕ ಹೊಂದುವುದಿಲ್ಲ. ಎಷ್ಟೋ ಕ್ಯಾಮೆರಾ ಮತ್ತು ಮೊಬೈಲ್‌ಗಳು ಅಮೆರಿಕದ 60 ಹರ್ಟ್ಸ್ ಕರೆಂಟಿಗೆ ಹೊಂದುವ ಲೆಕ್ಕದಲ್ಲಿ ಕೂತಿರುತ್ತವೆ. ಮೆನುವಿನಲ್ಲಿ ಪಾಲ್, ಎನ್‌ಟಿಎಸ್‌ಸಿ ಅಂತ ಎರಡು ವಿಡಿಯೊ ಪದ್ಧತಿ ಇದ್ದರೆ 50 ಹರ್ಟ್ಸ್‌ಗೆ ಹೊಂದುವ ಪಾಲ್ ಆರಿಸಿ, ಸೆಕೆಂಡಿಗೆ 25 ಫ್ರೇಮ್‌ನಲ್ಲಿ, ಅಂದರೆ 25 ಚಿತ್ರದಂತೆ, ತೆಗೆಯಿರಿ. ತಮಾಷೆ ಅಂದರೆ ಈ ಕ್ಯಾಮೆರಾ ಕಂಪನಿಗಳ ತವರಾದ ಜಪಾನಿನಲ್ಲೇ ಎರಡೂ ಕರೆಂಟು ಇದೆ. ಟೋಕಿಯೊ ಕಡೆ 50, ಒಸಾಕಾ ಕಡೆ 60.

ಇಲ್ಲಿ ಒಂದು ಮಾತು ಗಮನಿಸಿ. ಪಟ್ಟೆಯನ್ನು ತಡೆಯುವುದು ಫ್ರೇಮ್ ಸಂಖ್ಯೆ ಅಲ್ಲ, ಷಟರ್. ಮೊಬೈಲಿನಲ್ಲಿ 30 ಫ್ರೇಮ್ ಬಿಟ್ಟು ಬೇರೆ ದಾರಿ ಇಲ್ಲದಿದ್ದರೂ ಷಟರನ್ನು 1/50 ಅಥವಾ 1/100ಕ್ಕೆ ಲಾಕ್ ಮಾಡುವ ಆ್ಯಪ್ ಇದ್ದರೆ ಕೆಲಸ ಆಯಿತು.

ಇಷ್ಟು ಮಾಡಿದರೂ ಗದ್ದೆಯಲ್ಲಿ ನಡೆಯುವ ಆಟದಲ್ಲಿ ಕೆಲವು ಸಲ ಪಟ್ಟೆ ನಿಧಾನವಾಗಿ ತೆವಳುತ್ತಲೇ ಇರುತ್ತದೆ. ಆಗ ಜನರೇಟರ್ ಕಡೆ ಕಿವಿ ಕೊಡಿ. ಸಾಧಾರಣವಾಗಿ ಇಂಥ ಜನರೇಟರ್‌ನ ಎಂಜಿನ್ ನಿಮಿಷಕ್ಕೆ 1500 ಅಥವಾ 3000 ಸುತ್ತು ಸರಿಯಾಗಿ ತಿರುಗಿದರೆ 50 ಹರ್ಟ್ಸ್ ಕರೆಂಟು ಬರುತ್ತದೆ. ಸೌಂಡು, ಲೈಟು, ಪಕ್ಕದ ಚುರುಮುರಿ ಅಂಗಡಿಯ ಬಲ್ಬು ಎಲ್ಲ ಅದರ ಮೇಲೆ ಬಿದ್ದರೆ ಎಂಜಿನ್ ಸ್ವಲ್ಪ ಬಗ್ಗುತ್ತದೆ, ಕರೆಂಟು 48ಕ್ಕೆ ಇಳಿಯುತ್ತದೆ. ನಿಮ್ಮ ಷಟರೂ ಆಗ 1/48ಕ್ಕೆ ಇಳಿಯಬೇಕು. ಈಚಿನ ಕೆಲವು ಕ್ಯಾಮೆರಾಗಳಲ್ಲಿ ಷಟರನ್ನು ಕೂದಲೆಳೆಯಷ್ಟು ಹಿಂದೆ ಮುಂದೆ ಮಾಡುವ ವ್ಯವಸ್ಥೆ ಇದೆ. ಪ್ಯಾನಸಾನಿಕ್ ಅದಕ್ಕೆ ಸಿಂಕ್ರೊ ಸ್ಕ್ಯಾನ್ ಅನ್ನುತ್ತದೆ, ಸೋನಿಯಲ್ಲಿ ವೇರಿಯಬಲ್ ಷಟರ್ ಅಂತ ಇದೆ. ಕ್ಯಾಮೆರಾ ಕೊಳ್ಳುವಾಗ ಇಂಥ ಸೌಲಭ್ಯ ಯಾರೂ ಕೇಳುವುದಿಲ್ಲ. ನಮ್ಮ ಕೆಲಸಕ್ಕೆ ಮಾತ್ರ ಅದು ಎರಡು ಹೊಸ ಲೆನ್ಸಿಗೆ ಸಮ.

ಇನ್ನು ಬಣ್ಣದ ಎಲ್‌ಇಡಿ ಪಾರ್ ದೀಪಗಳು. ದುಂಡಗೆ, ಡಬ್ಬದ ಆಕಾರದಲ್ಲಿ, ರಂಗಸ್ಥಳದ ಎರಡೂ ಬದಿಯ ಕಂಬಕ್ಕೆ ಕಟ್ಟಿರುತ್ತಾರಲ್ಲ, ಅವು. ಅವುಗಳ ಬೆಳಕು ಕಡಿಮೆ ಮಾಡುವ ಕ್ರಮವೇ ಬೇರೆ. ನಲ್ಲಿಯನ್ನು ಪಟಪಟ ತೆರೆದು ಮುಚ್ಚಿ ಅರ್ಧ ಬಕೆಟ್ ನೀರು ಬಿಟ್ಟ ಹಾಗೆ, ದೀಪವನ್ನು ಸೆಕೆಂಡಿಗೆ ನೂರಾರು, ಸಾವಿರಾರು ಸಲ ಹೊತ್ತಿಸಿ ಆರಿಸುತ್ತಾರೆ. ಅರ್ಧ ಬೆಳಕು ಅಂದರೆ ಅರ್ಧ ಹೊತ್ತು ಉರಿದಿದೆ, ಅರ್ಧ ಹೊತ್ತು ಆರಿದೆ ಅಂತ. ಕ್ಯಾಮೆರಾದಲ್ಲಿ ಇದು ಸಣ್ಣ ಸಣ್ಣ ಗೆರೆಗಳಾಗಿ ಬೀಳುತ್ತದೆ. ಷಟರ್ ಜಾಸ್ತಿ ವೇಗದ್ದಾದಷ್ಟೂ ಗೆರೆ ಗಟ್ಟಿ. ಇದೇ ದೀಪ ಪೂರ್ತಿ ಜೋರಿನಲ್ಲಿ ಉರಿದರೆ ಹೊತ್ತಿಸಿ ಆರಿಸುವ ಪ್ರಶ್ನೆಯೇ ಇಲ್ಲ, ಗೆರೆಯೂ ಇಲ್ಲ. ಆದ್ದರಿಂದ ನಾನು ಸಂಜೆ ಬೇಗ ಹೋಗಿ ಲೈಟಿನವರ ಹತ್ತಿರ ಮಾತಾಡಿಕೊಳ್ಳುತ್ತೇನೆ. ‘ಅಣ್ಣ, ಬೆಳಕು ಕಡಿಮೆ ಬೇಕಾದರೆ ಡಿಮ್ ಮಾಡುವ ಬದಲು ಒಂದೆರಡು ದೀಪ ಆರಿಸ್ತೀರಾ?’ ಚಾ ಕುಡಿಯುತ್ತ ಕೇಳಿದರೆ ಹೆಚ್ಚಿನವರು ಒಪ್ಪುತ್ತಾರೆ. ಆಟ ಶುರುವಾದ ಮೇಲೆ ಓಡಿ ಹೋಗಿ ಕೇಳಿದರೆ ಯಾರೂ ಒಪ್ಪುವುದಿಲ್ಲ. ಒಪ್ಪಬಾರದು ಕೂಡ.

ದೀಪದ ಗುಣ ತಿಳಿಯಲಿಕ್ಕೆ ಒಂದು ಸುಲಭ ಪರೀಕ್ಷೆ ಇದೆ. ಷಟರನ್ನು 1/1000ಕ್ಕೆ ಏರಿಸಿ, ದೀಪ ಬಿದ್ದ ಬಿಳಿ ಬಟ್ಟೆಯ ಕಡೆ ಕ್ಯಾಮೆರಾ ಹಿಡಿಯಿರಿ. ಅಗಲದ ಪಟ್ಟೆ ಕಂಡರೆ ಕರೆಂಟಿನ ಏರಿಳಿತ. ಸಣ್ಣ ಗೆರೆಗಳು ಒತ್ತೊತ್ತಾಗಿ ಕಂಡರೆ ಡಿಮ್ಮರ್ ಕೆಲಸ. ಏನೂ ಕಾಣದಿದ್ದರೆ ಒಳ್ಳೇ ದೀಪ. ಒಂದೊಂದೇ ದೀಪ ಹೊತ್ತಿಸಿ ನೋಡುವ ಅವಕಾಶ ಸಿಕ್ಕಿದರೆ ಯಾವ ಕಂಬದ ದೀಪ ತೊಂದರೆಯದು ಅಂತಲೂ ಗೊತ್ತಾಗುತ್ತದೆ.

ಈಗ ಬಣ್ಣ. ನನಗೆ ಬಹಳ ಸಿಟ್ಟು ಬರುವ ಜಾಗ ಇದು, ಸ್ವಲ್ಪ ಜಾಸ್ತಿ ಮಾತಾಡಿದರೆ ಕ್ಷಮಿಸಿ.

ಯಕ್ಷಗಾನದ ವೇಷದಲ್ಲಿ ಕೆಂಪು ಎಷ್ಟು ಮುಖ್ಯ ಅಂತ ನಿಮಗೆ ಹೇಳಬೇಕಾಗಿಲ್ಲ. ಬಡಗಿನ ಕಸೆ ಸೀರೆಯ ಚೌಕಳಿಯಲ್ಲಿ ಕೆಂಪು, ಹಣೆಯ ಮೇಲೆ ಕೆಂಪು, ಬಣ್ಣದ ವೇಷದ, ಅಂದರೆ ರಾಕ್ಷಸ ಪಾತ್ರದ, ಮುಖದಲ್ಲಿ ಕೆಂಪು. ಈಗ ಬರುವ ಅಗ್ಗದ ಬಿಳಿ ಎಲ್‌ಇಡಿ ನಿಜವಾಗಿ ಒಂದು ನೀಲಿ ದೀಪ. ಅದರ ಮೇಲೆ ಹಳದಿ ಪುಡಿಯ ಲೇಪ ಹಚ್ಚಿ, ನೀಲಿ ಹಳದಿ ಸೇರಿ ನಮ್ಮ ಕಣ್ಣಿಗೆ ಬಿಳಿ ಕಾಣುವ ಹಾಗೆ ಮಾಡಿರುತ್ತಾರೆ. ಆ ಬೆಳಕಿನಲ್ಲಿ ಗಾಢ ಕೆಂಪಿನ ಪಾಲು ತೀರಾ ಕಡಿಮೆ. ದೀಪದಲ್ಲಿ ಇಲ್ಲದ ಬಣ್ಣವನ್ನು ಸೀರೆ ಎಲ್ಲಿಂದ ತಿರುಗಿ ಕೊಡಬೇಕು? ಕೆಂಪು ಕಂದಾಗುತ್ತದೆ, ಕೆಲವು ಸಲ ಇಟ್ಟಿಗೆ ಬಣ್ಣ ಆಗುತ್ತದೆ. ದೀಪ ಬಣ್ಣವನ್ನು ಎಷ್ಟು ಸರಿಯಾಗಿ ತೋರಿಸುತ್ತದೆ ಅನ್ನಲಿಕ್ಕೆ ಸಿಆರ್‌ಐ ಅಂತ ಒಂದು ಅಂಕ ಇದೆ, ಡಬ್ಬದ ಮೇಲೆ ಸಿಆರ್‌ಐ 80 ಅಂತ ಬರೆದಿದ್ದರೂ ನಂಬಿ ಕೂರಬೇಡಿ. ಆ ಸಂಖ್ಯೆಯನ್ನು ಲೆಕ್ಕ ಹಾಕುವುದು ಎಂಟು ತೆಳು ಬಣ್ಣದ ಮಾದರಿಗಳ ಮೇಲೆ, ಗಾಢ ಕೆಂಪು ಅದರೊಳಗೆ ಇಲ್ಲ. ಅದಕ್ಕೆ ಆರ್9 ಅಂತ ಬೇರೆಯೇ ಸಂಖ್ಯೆ ಇದೆ. ಒಳ್ಳೇ ದೀಪ ಮಾಡುವವರು ಅದನ್ನು ಬರೆದಿರುತ್ತಾರೆ. ಬರೆಯದವರ ದೀಪವನ್ನು ಒಂದು ಕೆಂಪು ಬಟ್ಟೆಯ ಮೇಲೆ ಬಿಟ್ಟು ನೋಡಿ, ಹಗಲಿನ ಬೆಳಕಿಗೆ ಹೋಲಿಸಿ.

ನೀಲಿಯದ್ದು ಇನ್ನೊಂದು ಕಥೆ. ರಾತ್ರಿಯ ದೃಶ್ಯ, ಕಾಡು, ರಾಕ್ಷಸ ಬರುವ ಹೊತ್ತು, ಎಲ್ಲಕ್ಕೂ ಈಗ ನೀಲಿ ದೀಪ ಹಾಕುವ ರೂಢಿ. ಸಾಮಾನ್ಯ ಸೆನ್ಸರಿನಲ್ಲಿ ಅರ್ಧದಷ್ಟು ಪಿಕ್ಸೆಲ್ ಹಸಿರಿಗೆ, ಕಾಲು ಭಾಗ ಕೆಂಪಿಗೆ, ಕಾಲು ಭಾಗ ನೀಲಿಗೆ ಮೀಸಲು. ಬರೀ ನೀಲಿ ಬೆಳಕು ಬಿದ್ದರೆ ಕೆಲಸ ಮಾಡುವುದು ಹೆಚ್ಚುಕಡಿಮೆ ಆ ಕಾಲು ಭಾಗ ಮಾತ್ರ. ಅದೂ ಬೇಗ ತುಂಬಿ ತುಳುಕುತ್ತದೆ. ಮುಖದ ಗೆರೆ, ಕಣ್ಣಿನ ಕಾಡಿಗೆ ಎಲ್ಲ ಅಳಿಸಿ ಒಂದು ನೀಲಿ ಕಲೆ ಉಳಿಯುತ್ತದೆ. ಕ್ಯಾಮೆರಾದ ಸಾಮಾನ್ಯ ಹಿಸ್ಟೊಗ್ರಾಮ್, ಅಂದರೆ ಎಡಕ್ಕೆ ಕತ್ತಲೆ ಬಲಕ್ಕೆ ಬೆಳಕು ಎಷ್ಟೆಷ್ಟಿದೆ ಅಂತ ತೋರಿಸುವ ನಕ್ಷೆ, ನೋಡಿದರೆ ಎಲ್ಲ ಸರಿ ಇದ್ದ ಹಾಗೇ ಕಾಣುತ್ತದೆ. ಮೂರು ಬಣ್ಣವನ್ನೂ ಬೇರೆ ಬೇರೆ ತೋರಿಸುವ ಹಿಸ್ಟೊಗ್ರಾಮ್ ಹಾಕಿಕೊಳ್ಳಿ, ನೀಲಿಯ ಗುಡ್ಡ ಬಲಗಡೆಗೆ ಹೋಗಿ ಗೋಡೆಗೆ ಡಿಕ್ಕಿ ಹೊಡೆದಿರುವುದು ಕಾಣುತ್ತದೆ. ಆಗ ಒಂದು ಅಥವಾ ಎರಡು ಸ್ಟಾಪ್ ಕಡಿಮೆ ಮಾಡಿ, ಒಂದು ಸ್ಟಾಪ್ ಅಂದರೆ ಬೆಳಕನ್ನು ಅರ್ಧಕ್ಕೆ ಇಳಿಸಿದ ಹಾಗೆ. ಚಿತ್ರ ಕತ್ತಲೆ ಅನ್ನಿಸುತ್ತದೆ, ಅನ್ನಿಸಲಿ. ಮುಖ ಉಳಿಯುತ್ತದೆ.

ನನ್ನ ಅಭಿಪ್ರಾಯ ಕೇಳಿದರೆ, ವೇಷವೇ ಅಷ್ಟು ಬಣ್ಣ ಹೊತ್ತುಕೊಂಡು ಬಂದಿರುವಾಗ ಅದರ ಮೇಲೆ ಮತ್ತೆ ಬಣ್ಣದ ದೀಪ ಬಿಡುವುದು ಬೇಡ. ಬೇರೆ ಅಭಿಪ್ರಾಯದವರು ಇದ್ದಾರೆ, ಕಲಾವಿದರಲ್ಲೂ ಇದ್ದಾರೆ. ಜಗಳ ಆಡಲಿಕ್ಕೆ ನಾನು ಬಂದಿಲ್ಲ.

ಆದರೆ ಈ ವೇಷ ಯಾವ ಬೆಳಕಿನಲ್ಲಿ ಬೆಳೆಯಿತು ಅಂತ ಒಮ್ಮೆ ಯೋಚಿಸಿ. ದೊಂದಿ, ಅಂದರೆ ಉರಿಯುವ ಪಂಜು. ಆಮೇಲೆ ಗ್ಯಾಸ್‌ಲೈಟು. ಸೀಮೆಎಣ್ಣೆಗೆ ಗಾಳಿ ಹೊಡೆದು, ಮ್ಯಾಂಟಲ್ ಬೆಳಗಿಸಿ, ಅಡ್ಡಕ್ಕೆ ನೇತುಹಾಕುತ್ತಿದ್ದರು. ವಿದ್ಯುತ್ ದೀಪ ಬಂದದ್ದು ಅದರ ನಂತರ. ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಅಳೆಯುತ್ತಾರೆ, ಸಂಖ್ಯೆ ಕಡಿಮೆಯಾದಷ್ಟೂ ಕೆಂಪು ಜಾಸ್ತಿ. ದೊಂದಿಯ ಬೆಳಕು ಸುಮಾರು 1900 ಕೆಲ್ವಿನ್, ಅಂದರೆ ಕೆಂಪು ಮಿಶ್ರಿತ ಹಳದಿ. ಹ್ಯಾಲೊಜೆನ್ 3200ರ ಆಸುಪಾಸು. ಹಗಲಿನ ಬಿಸಿಲು 5600. ಕೆಂಪು, ಹಳದಿ, ಬೇಗಡೆ ಅನ್ನುವ ಹೊಳೆಯುವ ತೆಳು ಹಾಳೆಯ ಚಿನ್ನದ ಬಣ್ಣ, ಇವೆಲ್ಲ ದೊಂದಿಯ ಬೆಳಕಿನಲ್ಲಿ ಉರಿದೆದ್ದು ಕಾಣುತ್ತವೆ. ಕಿರೀಟಕ್ಕೂ ಭುಜಕೀರ್ತಿಗೂ ಬೇಗಡೆ ಹಚ್ಚಿ ಕನ್ನಡಿ ಚೂರು ಕೂರಿಸಿದ್ದು, ಸಿಕ್ಕಿದ ಅಲ್ಪ ಬೆಳಕನ್ನೂ ವ್ಯರ್ಥ ಮಾಡಬಾರದು ಅಂತಲೇ ಇರಬೇಕು ಅನ್ನಿಸುತ್ತದೆ ನನಗೆ.

ಇನ್ನು ಚಿಟ್ಟಿ. ಬಣ್ಣದ ವೇಷದವರು ಅಕ್ಕಿ ಹಿಟ್ಟು, ಸುಣ್ಣ ಕಲಸಿ ಮುಖದ ಮೇಲೆ ಮುಳ್ಳು ಮುಳ್ಳಾಗಿ ಇಡುತ್ತಾರಲ್ಲ, ಅದು. ಗಂಟೆಗಟ್ಟಲೆಯ ಕೆಲಸ. ಆ ಮುಳ್ಳುಗಳು ಕಾಣಬೇಕಾದರೆ ಒಂದು ಬದಿಯಿಂದ ಬೆಳಕು ಬಿದ್ದು ಇನ್ನೊಂದು ಬದಿಗೆ ಸಣ್ಣ ನೆರಳು ಬೀಳಬೇಕು. ದೊಂದಿ ಹಿಡಿದವರು ಎರಡು ಬದಿಯಲ್ಲಿ ನಿಲ್ಲುತ್ತಿದ್ದರು. ಬೆಳಕು ಪಕ್ಕದಿಂದ ಬರುತ್ತಿತ್ತು, ತಗ್ಗಿನಿಂದ ಬರುತ್ತಿತ್ತು, ಅಲುಗಾಡುತ್ತಲೂ ಇತ್ತು. ಈಗ ಎದುರಿನ ಕಂಬದಿಂದ ನೇರ ಮುಖಕ್ಕೆ ದೀಪ ಹೊಡೆಯುತ್ತಾರೆ. ನೆರಳೇ ಇಲ್ಲ. ಅಷ್ಟು ಶ್ರಮದ ಚಿಟ್ಟಿ ಬಿಳಿ ಚುಕ್ಕಿ ಇಟ್ಟ ಹಾಗೆ ಚಪ್ಪಟೆ ಕಾಣುತ್ತದೆ.

ದೀಪವನ್ನು ನಾವು ಸರಿಸುವಂತಿಲ್ಲ. ಕ್ಯಾಮೆರಾವನ್ನು ಸರಿಸಬಹುದಲ್ಲ? ಎಲ್ಲರೂ ನಟ್ಟನಡುವೆ, ರಂಗಸ್ಥಳಕ್ಕೆ ನೇರ ಎದುರು ಟ್ರೈಪಾಡ್ ಊರುತ್ತಾರೆ. ನೀವು ಒಂದು ಪಕ್ಕಕ್ಕೆ ಹೋಗಿ, ಮೂವತ್ತು ನಲವತ್ತು ಡಿಗ್ರಿ ಕೋನದಲ್ಲಿ ನಿಲ್ಲಿ. ಎದುರಿನ ದೀಪ ನಿಮ್ಮ ಪಾಲಿಗೆ ಪಕ್ಕದ ದೀಪ ಆಗುತ್ತದೆ. ಮೂಗಿನ ಒಂದು ಬದಿಗೆ ನೆರಳು ಬರುತ್ತದೆ, ಕಿರೀಟದ ಕೆತ್ತನೆ ಎದ್ದು ಕಾಣುತ್ತದೆ, ಚಿಟ್ಟಿಗೆ ಜೀವ ಬರುತ್ತದೆ. ಹಿಂದೆ ಕೂತ ಭಾಗವತರೂ ವೇಷಧಾರಿಯ ಬೆನ್ನಿಗೆ ಮರೆಯಾಗುವುದಿಲ್ಲ. ನಾನು ಕಲಿತ ಬೆಳಕಿನ ಪಾಠದಲ್ಲಿ ಇದರಷ್ಟು ಲಾಭ ಕೊಟ್ಟದ್ದು ಬೇರೆ ಇಲ್ಲ.

ದೇವಿ ಮಹಾತ್ಮೆಯಲ್ಲಿ ಮಹಿಷಾಸುರನ ಪ್ರವೇಶ ನೋಡಿದ್ದೀರಿ. ಅವನು ರಂಗಸ್ಥಳದ ಹಿಂದಿನಿಂದ ಬರುವುದಿಲ್ಲ. ಪ್ರೇಕ್ಷಕರ ನಡುವಿನಿಂದ, ದೊಂದಿಗಳ ಜೊತೆ, ರಾಳದ ಪುಡಿ ಎರಚಿ ಭಗ್ಗನೆ ಬೆಂಕಿ ಎಬ್ಬಿಸಿಕೊಂಡು, ಪಟಾಕಿ ಸದ್ದಿನಲ್ಲಿ ಅಬ್ಬರಿಸುತ್ತ ಬರುತ್ತಾನೆ. ಅಲ್ಲಿಯವರೆಗೆ ರಂಗಸ್ಥಳದ ಬಿಳಿ ದೀಪಕ್ಕೆ ಹೊಂದಿಸಿದ ಕ್ಯಾಮೆರಾ ಒಮ್ಮೆಲೇ ಕತ್ತಲಿನ ಕಡೆಗೆ, ಬೆಂಕಿಯ ಕಡೆಗೆ ತಿರುಗಬೇಕು. ಬಿಳಿ ಯಾವುದು ಅಂತ ಕ್ಯಾಮೆರಾಕ್ಕೆ ಹೇಳುವ ವೈಟ್ ಬ್ಯಾಲೆನ್ಸ್ ಆಟೊದಲ್ಲಿ ಇದ್ದರೆ ಕ್ಯಾಮೆರಾ ಬೆಂಕಿಯ ಕೆಂಪನ್ನು ತಪ್ಪು ಅಂತ ತಿಳಿದು ತಿದ್ದಲಿಕ್ಕೆ ಹೋಗುತ್ತದೆ. ಬೆಂಕಿ ಬೂದಿ ಬಣ್ಣಕ್ಕೆ ಬರುತ್ತದೆ. ಸಂಜೆಯೇ ಭಾಗವತರ ಬಿಳಿ ಪಂಚೆ ನೋಡಿ ವೈಟ್ ಬ್ಯಾಲೆನ್ಸ್ ಕೂರಿಸಿ, ಬೆಳಗಿನವರೆಗೆ ಮುಟ್ಟಬೇಡಿ. ದೊಂದಿ ಕೆಂಪಗೇ ಇರಲಿ. ಆಟೊಫೋಕಸನ್ನೂ ಆ ಹೊತ್ತಿಗೆ ನಂಬುವಂತಿಲ್ಲ. ಹೊಗೆ, ಕತ್ತಲೆ, ಜನರ ಕೈ ಎಲ್ಲ ಅಡ್ಡ. ಮುಖ ಗುರುತಿಸುವ ಸೌಲಭ್ಯ ಬಣ್ಣದ ವೇಷದ ಮುಖವನ್ನು ಮುಖ ಅಂತಲೇ ಒಪ್ಪದೆ, ಪಕ್ಕದಲ್ಲಿ ಕಡಲೆ ತಿನ್ನುವವರ ಮುಖ ಹಿಡಿದು ಕೂತದ್ದುಂಟು. ಕೈಯಲ್ಲೇ ಫೋಕಸ್ ಮಾಡಿ.

ಎಕ್ಸ್‌ಪೋಷರ್, ಅಂದರೆ ಚಿತ್ರಕ್ಕೆ ಎಷ್ಟು ಬೆಳಕು ಕೊಡಬೇಕು ಅನ್ನುವುದರ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಕ್ಯಾಮೆರಾದ ಮೀಟರ್ ಎದುರಿಗೆ ಕಂಡದ್ದೆಲ್ಲ ಒಟ್ಟಾರೆ ನಡು ಬೂದು ಬಣ್ಣದ್ದು ಅಂತ ಭಾವಿಸುತ್ತದೆ. ಹಿಂದೆ ಕಪ್ಪು ಪರದೆ, ಸುತ್ತ ರಾತ್ರಿ. ಅದು ಬೆಳಕು ಏರಿಸುತ್ತಲೇ ಹೋಗುತ್ತದೆ, ಮುಖ ಸುಣ್ಣ ಬಳಿದ ಹಾಗೆ ಬೆಳ್ಳಗಾಗುತ್ತದೆ. ಮ್ಯಾನ್ಯುವಲ್ ಇಡಿ, ಮುಖಕ್ಕೆ ಹೊಂದಿಸಿ. ಕಿರೀಟದ ಕನ್ನಡಿ ಮಿಂಚಿ ಬೆಳ್ಳಗಾದರೆ ಆಗಲಿ ಬಿಡಿ.

ಲೆನ್ಸ್ ವಿಷಯದಲ್ಲಿ ಒಂದು ಲೆಕ್ಕ ಮಾತ್ರ. ಎಫ್ ಸಂಖ್ಯೆ ಸಣ್ಣದಾದಷ್ಟೂ ಲೆನ್ಸಿನ ಬಾಯಿ ದೊಡ್ಡದು, ಬೆಳಕು ಜಾಸ್ತಿ. ಕ್ಯಾಮೆರಾ ಜೊತೆ ಬರುವ ಕಿಟ್ ಲೆನ್ಸ್ ಪೂರ್ತಿ ಝೂಮ್ ಮಾಡಿದಾಗ ಎಫ್ 5.6. ಅಗ್ಗದ 50 ಎಂಎಂ ಲೆನ್ಸ್ ಎಫ್ 1.8. ಎರಡರ ನಡುವೆ ಬೆಳಕಿನ ವ್ಯತ್ಯಾಸ ಸುಮಾರು ಹತ್ತು ಪಟ್ಟು. ಐಎಸ್‌ಒ, ಅಂದರೆ ಕ್ಯಾಮೆರಾ ಬೆಳಕನ್ನು ಹಿಗ್ಗಿಸುವ ಮಟ್ಟ, 12800 ಇಡಬೇಕಾದ ಕಡೆ 1280ರಲ್ಲಿ ಮುಗಿಯುತ್ತದೆ. ಹೊಸ ಕ್ಯಾಮೆರಾ ಕೊಂಡರೂ ಹತ್ತು ಪಟ್ಟು ಲಾಭ ಒಂದೇ ಸಲಕ್ಕೆ ಸಿಗುವುದಿಲ್ಲ.

2008ರಲ್ಲಿ ನಿಕಾನ್ ಡಿ90 ಬಂದಾಗ ಎಸ್‌ಎಲ್‌ಆರ್ ಕ್ಯಾಮೆರಾದಲ್ಲಿ ಮೊದಲ ಸಲ ವಿಡಿಯೊ ತೆಗೆಯುವ ಹಾಗಾಯಿತು. ಅದೇ ವರ್ಷ ಕ್ಯಾನನ್ 5ಡಿ ಮಾರ್ಕ್ 2 ಬಂತು. ನಮ್ಮಂಥ ಹವ್ಯಾಸಿಗಳಿಗೆ ಅದು ಹಬ್ಬ. ದೊಡ್ಡ ಸೆನ್ಸರ್, ಕತ್ತಲಲ್ಲೂ ಕಾಣುವ ಚಿತ್ರ. ಆದರೆ ಡಿ90 ಒಂದು ಸಲಕ್ಕೆ ಐದು ನಿಮಿಷ ತೆಗೆದು ನಿಲ್ಲುತ್ತಿತ್ತು. 5ಡಿ ಸುಮಾರು ಹನ್ನೆರಡು ನಿಮಿಷಕ್ಕೆ, ಫೈಲ್ 4 ಜಿಬಿ ಮುಟ್ಟಿದ ಕೂಡಲೇ. ನಂತರ ಬಂದ ಎಷ್ಟೋ ಕ್ಯಾಮೆರಾಗಳು 29 ನಿಮಿಷ 59 ಸೆಕೆಂಡಿಗೆ ನಿಂತವು. ಯಾಕೆ ಗೊತ್ತಾ? ಯುರೋಪಿಯನ್ ಒಕ್ಕೂಟದ ಆಗಿನ ಸುಂಕದ ನಿಯಮದಲ್ಲಿ, ಒಂದೇ ಸಲ ಅರ್ಧ ಗಂಟೆ ರೆಕಾರ್ಡ್ ಮಾಡುವ ಯಂತ್ರ ಇದ್ದರೆ ಅದು ಫೋಟೊ ಕ್ಯಾಮೆರಾ ಅಲ್ಲ, ವಿಡಿಯೊ ಕ್ಯಾಮೆರಾ. ಅದಕ್ಕೆ ಸುಂಕ ಜಾಸ್ತಿ ಇತ್ತು. ಕಂಪನಿಗಳು ಒಂದು ಸೆಕೆಂಡ್ ಕಡಿಮೆ ಇಟ್ಟು ಬಚಾವಾದವು. ಯುರೋಪಿನ ಸುಂಕದ ಕಟ್ಟೆಯವರು ಬರೆದ ಒಂದು ಸಾಲಿನಿಂದ ನಮ್ಮೂರ ಗದ್ದೆಯಲ್ಲಿ ಭಾಗವತರ ಪದ ನಡುವಿಗೇ ತುಂಡಾಗುತ್ತಿತ್ತು! ಈಗಿನ ಹೆಚ್ಚಿನ ಕ್ಯಾಮೆರಾಗಳಲ್ಲಿ ಆ ಮಿತಿ ಇಲ್ಲ. ಆದರೆ ಬಿಸಿಯಾಗಿ ನಿಲ್ಲುವುದು ಇದೆ. ಕೊಳ್ಳುವ ಮೊದಲು ಒಮ್ಮೆ ಎರಡು ಗಂಟೆ ಎಡೆಬಿಡದೆ ಓಡಿಸಿ ನೋಡಿ. ಇಡೀ ರಾತ್ರಿಯ ಆಟಕ್ಕೆ ಹಳೇ ಮಾದರಿಯ ಕ್ಯಾಮ್‌ಕಾರ್ಡರ್ ಈಗಲೂ ಕೆಟ್ಟದ್ದಲ್ಲ.

ಕಾರ್ಡಿನ ಲೆಕ್ಕವೂ ಹಾಕಿಕೊಳ್ಳಿ. ಸೆಕೆಂಡಿಗೆ 100 ಮೆಗಾಬಿಟ್‌ನ 4ಕೆ ತೆಗೆದರೆ ಗಂಟೆಗೆ 45 ಜಿಬಿ. ಎಂಟು ಗಂಟೆಯ ಆಟ ಅಂದರೆ 360 ಜಿಬಿ. ಯಾರು ನೋಡುತ್ತಾರೆ, ಎಲ್ಲಿ ಇಡುತ್ತೀರಿ ಅಂತ ಮೊದಲೇ ಯೋಚಿಸಿ. ಬರೀ ದಾಖಲೆಗಾದರೆ ಫುಲ್ ಎಚ್‌ಡಿ ಧಾರಾಳ ಸಾಕು.

ಸದ್ದಿನ ಮಾತು ಎತ್ತದೆ ಹೋದರೆ ಹಿಮ್ಮೇಳದವರು ನನ್ನನ್ನು ಬಿಡುವುದಿಲ್ಲ. ಚೆಂಡೆಯ ಪೆಟ್ಟು ಕ್ಯಾಮೆರಾ ಮೈಕಿಗೆ ತಡೆಯಲಾಗದಷ್ಟು ಜೋರು. ಆಟೊ ಲೆವೆಲ್ ಇಟ್ಟರೆ ಪ್ರತಿ ಪೆಟ್ಟಿಗೂ ಭಾಗವತರ ದನಿ ಅಡಗಿ ಮತ್ತೆ ನಿಧಾನಕ್ಕೆ ಮೇಲೆ ಬರುತ್ತದೆ, ಕೇಳಲಿಕ್ಕೆ ಹಿಂಸೆ. ಆಟಕ್ಕೆ ಮುಂಚೆ ‘ಕೇಳಿ’ ಅಂತ ಚೆಂಡೆ ಮದ್ದಳೆ ಬಾರಿಸುತ್ತಾರಲ್ಲ, ಆಗಲೇ ಲೆವೆಲ್ ನೋಡಿ ಮ್ಯಾನ್ಯುವಲ್‌ನಲ್ಲಿ ಕೂರಿಸಿ. ಸೌಂಡಿನವರ ಮಿಕ್ಸರ್‌ನಿಂದ ಒಂದು ವೈರ್ ಸಿಕ್ಕಿದರೆ ಇನ್ನೂ ಒಳ್ಳೆಯದು. ಅಲ್ಲಿಂದ ಬರುವುದು ಲೈನ್ ಮಟ್ಟದ ಸಿಗ್ನಲ್, ಮೈಕಿನದ್ದಕ್ಕಿಂತ ಬಹಳ ಜೋರು. ಕ್ಯಾಮೆರಾದ ಮೈಕ್ ತೂತಿಗೆ ನೇರ ಚುಚ್ಚಿದರೆ ಒಡೆದು ಬರುತ್ತದೆ. ಲೈನ್ ಇನ್‌ಪುಟ್ ಇರುವ ಸಣ್ಣ ರೆಕಾರ್ಡರ್‌ಗೆ ಕೊಡಿ.

ಆಮೇಲೆ ಎಡಿಟಿಂಗ್‌ನಲ್ಲಿ ಒಂದು ವಿಚಿತ್ರ ಕಾಣುತ್ತದೆ. ನೀವು ರಂಗಸ್ಥಳದಿಂದ 30 ಮೀಟರ್ ದೂರದಲ್ಲಿ ನಿಂತಿದ್ದರೆ ಸದ್ದು ನಿಮ್ಮ ಕ್ಯಾಮೆರಾ ಮೈಕಿಗೆ ಬರಲು ಸೆಕೆಂಡಿನ ಹತ್ತನೇ ಒಂದು ಭಾಗಕ್ಕಿಂತ ತುಸು ಕಡಿಮೆ ಹೊತ್ತು ಬೇಕು. 25 ಫ್ರೇಮ್‌ನ ಲೆಕ್ಕದಲ್ಲಿ ಎರಡು ಫ್ರೇಮ್. ಮಿಕ್ಸರ್ ಸದ್ದಿಗೆ ಆ ತಡ ಇಲ್ಲ. ಎರಡನ್ನೂ ಕೇಳಿ ಕೇಳಿ ಕೂಡಿಸಿದರೆ, ಹೆಜ್ಜೆ ನೆಲಕ್ಕೆ ಬಿದ್ದ ಮೇಲೆ ಪೆಟ್ಟು ಕೇಳುತ್ತದೆ. ಕುಣಿತ ಗೊತ್ತಿರುವವರು ಕೂಡಲೇ ಹಿಡಿಯುತ್ತಾರೆ. ಮಿಕ್ಸರ್ ಸದ್ದನ್ನು ಚೆಂಡೆಯ ಕೋಲು ಚರ್ಮ ಮುಟ್ಟುವ ಫ್ರೇಮಿಗೆ ಕೂರಿಸಿ, ಕ್ಯಾಮೆರಾ ಸದ್ದಿಗೆ ಅಲ್ಲ.

ನನ್ನದೇ ದೀಪ ಬಳಸುವುದು ಚೌಕಿಯಲ್ಲಿ, ಅಂದರೆ ವೇಷ ಕಟ್ಟಿಕೊಳ್ಳುವ ಜಾಗದಲ್ಲಿ ಮಾತ್ರ, ಅದೂ ಅನುಮತಿ ಇದ್ದರೆ. ಯಕ್ಷಗಾನದಲ್ಲಿ ಕಲಾವಿದರೇ ತಮ್ಮ ಮುಖಕ್ಕೆ ಬಣ್ಣ ಬರೆದುಕೊಳ್ಳುತ್ತಾರೆ. ಅವರ ಕಣ್ಣಿಗೆ ನೇರ ದೀಪ ಹಿಡಿದರೆ ಕೈ ತಪ್ಪುತ್ತದೆ. ಸಣ್ಣ ಬ್ಯಾಟರಿ ಎಲ್‌ಇಡಿಯನ್ನು ಗೋಡೆಗೋ ಥರ್ಮಾಕೋಲ್ ಹಾಳೆಗೋ ತಿರುಗಿಸಿ, ಅಲ್ಲಿಂದ ಚಿಮ್ಮಿ ಬಂದ ಬೆಳಕು ಮುಖಕ್ಕೆ ಬೀಳುವ ಹಾಗೆ ಮಾಡಿ. ಚಿಕ್ಕ ದೀಪ ದೊಡ್ಡ ಹಾಳೆಯಷ್ಟು ಅಗಲ ಆಗುತ್ತದೆ, ನೆರಳಿನ ಅಂಚು ಮೆತ್ತಗಾಗುತ್ತದೆ. ಇದು ಹಳೇ ವಿದ್ಯೆ. ಸತ್ಯಜಿತ್ ರೇ ಅವರ ‘ಅಪರಾಜಿತೊ’ಗೆ, ಅಂದರೆ 1956ರಲ್ಲಿ, ಛಾಯಾಗ್ರಾಹಕ ಸುಬ್ರತ ಮಿತ್ರ ಅವರು ಸ್ಟುಡಿಯೊದಲ್ಲಿ ಕಟ್ಟಿದ ಕಾಶಿಯ ಮನೆಯಂಗಳದ ಮೇಲೆ ಬಿಳಿ ಬಟ್ಟೆ ಬಿಗಿದು, ಅದಕ್ಕೆ ದೀಪ ಹೊಡೆದು, ಆಕಾಶದ ಬೆಳಕನ್ನು ತಂದಿದ್ದರು. ನಮ್ಮ ಮೈಸೂರಿನ ವಿ.ಕೆ. ಮೂರ್ತಿಯವರು 1959ರ ‘ಕಾಗಜ್ ಕೆ ಫೂಲ್’ನಲ್ಲಿ ದೀಪವನ್ನೂ ಬಿಟ್ಟರು. ಸ್ಟುಡಿಯೊ ಹೊರಗೆ ದೊಡ್ಡ ಕನ್ನಡಿ ಇಟ್ಟು, ಬಿಸಿಲನ್ನು ಒಳಗಿನ ಇನ್ನೊಂದು ಕನ್ನಡಿಗೆ ಹಾಯಿಸಿ, ಹೊಗೆಯ ನಡುವೆ ಆ ಬೆಳಕಿನ ಕಂಬವನ್ನು ನಿಲ್ಲಿಸಿದರು. ದಾದಾ ಸಾಹೇಬ್ ಫಾಲ್ಕೆ ಪ್ರಶಸ್ತಿ ಪಡೆದ ಮೊದಲ ಛಾಯಾಗ್ರಾಹಕ ಅವರೇ. ಕನ್ನಡಿ ಮತ್ತು ಬಟ್ಟೆ ನಿಮ್ಮ ಮನೆಯಲ್ಲೂ ಇವೆ.

ದೀಪದಿಂದ ದೂರ ಎರಡು ಪಟ್ಟಾದರೆ ಬೆಳಕು ಕಾಲು ಭಾಗಕ್ಕೆ ಇಳಿಯುತ್ತದೆ. ಚೌಕಿಯಲ್ಲಿ ಇದು ವರ. ದೀಪವನ್ನು ಮುಖದ ಹತ್ತಿರ ತಂದು ಮಂದ ಮಾಡಿದರೆ, ಹಿಂದೆ ನೇತಾಡುವ ಅಂಗಿ, ಬ್ಯಾಗು, ನೀರಿನ ಬಾಟಲಿ ಎಲ್ಲ ತಾನಾಗಿ ಕತ್ತಲಿಗೆ ಸರಿಯುತ್ತವೆ.

ಇಷ್ಟು ಹೇಳಿ ನಿಲ್ಲಿಸಿದೆ. ಆಮೇಲೆ ಬಂದ ಪ್ರಶ್ನೆಗಳು ಇವು.

ಫ್ಲ್ಯಾಶ್ ಹೊಡೆಯಬಹುದಾ ಅಂತ ಒಬ್ಬರು ಕೇಳಿದರು. ಆಟ ನಡೆಯುವಾಗ ಬೇಡವೇ ಬೇಡ. ಗಿರಗಿರ ಸುತ್ತಿ ಗಿರ್ಕಿ ಹಾಕುವ ವೇಷಧಾರಿಗೆ ಆ ಕ್ಷಣ ನೆಲ ಕಾಣುವುದಿಲ್ಲ. ಕ್ಯಾಮೆರಾ ಮೇಲೆ ಕೂರಿಸುವ ಎಲ್‌ಇಡಿ ದೀಪಕ್ಕೂ ಇದೇ ಮಾತು. ನಿಮ್ಮ ಕ್ಯಾಮೆರಾ ಸ್ಕ್ರೀನಿನ ಬೆಳಕನ್ನೂ ಕಡಿಮೆ ಮಾಡಿ, ಹಿಂದೆ ಕೂತವರಿಗೆ ಅದೇ ಕಣ್ಣು ಕುಕ್ಕುತ್ತದೆ.

ದುಡ್ಡು ಕಡಿಮೆ ಇದ್ದರೆ ಮೊದಲು ಏನು ಕೊಳ್ಳಬೇಕು ಅಂತ ಇನ್ನೊಬ್ಬರು. ಟ್ರೈಪಾಡ್. ಅದರಲ್ಲೂ ಎಣ್ಣೆ ಹಾಕಿದ ಹಾಗೆ ನುಣ್ಣಗೆ ತಿರುಗುವ ಫ್ಲೂಯಿಡ್ ಹೆಡ್ ಇರುವಂಥದ್ದು. ಮೊಬೈಲನ್ನೂ ಅದರ ಮೇಲೆ ಕೂರಿಸಬಹುದು. ಎರಡನೆಯದು ರೆಕಾರ್ಡರ್. ಕ್ಯಾಮೆರಾ ಮೂರನೆಯದು. ಹುಡುಗರು ನಕ್ಕರು, ನಾನು ತಮಾಷೆ ಮಾಡಿರಲಿಲ್ಲ.

ದೀಪ ಕೆಟ್ಟದಿದ್ದರೂ ಎಡಿಟಿಂಗ್‌ನಲ್ಲಿ ಕೆಂಪನ್ನು ಸರಿ ಮಾಡಿಕೊಳ್ಳಬಹುದಲ್ವಾ ಅಂತ ಒಬ್ಬ ಹುಡುಗಿ ಕೇಳಿದಳು. ಸ್ವಲ್ಪ ಮಟ್ಟಿಗೆ ಆಗುತ್ತದೆ. ಆದರೆ ಯಾವ ಕೆಂಪಿಗೆ? ನೆನಪನ್ನು ನಂಬಬೇಡಿ. ಆಟ ಮುಗಿಯುವ ಹೊತ್ತಿಗೆ ಬೆಳಗಾಗಿರುತ್ತದೆ. ಚೌಕಿಯ ಹೊರಗೆ ಬಿಸಿಲಿಗೆ ಹರಡಿದ ಕಸೆ ಸೀರೆಯದ್ದೊಂದು ಫೋಟೊ ತೆಗೆದುಕೊಳ್ಳಿ, ಕೇಳಿ ತೆಗೆದುಕೊಳ್ಳಿ. ಎಡಿಟಿಂಗ್ ಮಾಡುವಾಗ ಅದನ್ನು ಪಕ್ಕದಲ್ಲಿ ಇಟ್ಟುಕೊಳ್ಳಿ.

ಕೊನೆಯ ಪ್ರಶ್ನೆ ಫಂಗಸ್ ಬಗ್ಗೆ. ಮೇ ತಿಂಗಳಲ್ಲಿ ಮೇಳಗಳ ತಿರುಗಾಟ ಮುಗಿಯುತ್ತದೆ, ಜೂನ್‌ನಿಂದ ಕ್ಯಾಮೆರಾ ಬ್ಯಾಗಿನಲ್ಲೇ ಮಲಗುತ್ತದೆ, ಕರಾವಳಿಯ ಮಳೆಗಾಲದ ತೇವಕ್ಕೆ ಲೆನ್ಸಿನೊಳಗೆ ಜೇಡರ ಬಲೆಯಂಥದ್ದು ಬೆಳೆಯುತ್ತದೆ. ಬಟ್ಟೆಯ ಬ್ಯಾಗಿನಲ್ಲಿ ಇಡಲೇಬೇಡಿ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಸಣ್ಣ ಮೀಟರ್. ಅದು ಶೇಕಡಾ 40ರಿಂದ 50ರ ನಡುವೆ ಇರಲಿ. ಜೆಲ್ ಬಣ್ಣ ಬದಲಾದರೆ ಬಿಸಿ ಮಾಡಿ ಒಣಗಿಸಿ ಮತ್ತೆ ಹಾಕಿ. ತಿಂಗಳಿಗೊಮ್ಮೆ ಲೆನ್ಸ್ ಹೊರಗೆ ತೆಗೆದು ಟಾರ್ಚ್ ಬಿಟ್ಟು ಒಳಗೆ ನೋಡಿ. ಶುರುವಿನಲ್ಲೇ ಕಂಡರೆ ರಿಪೇರಿಯವರು ಬಿಚ್ಚಿ ಒರೆಸಿ ಕೊಡುತ್ತಾರೆ. ಗಾಜಿನ ಮೇಲಿನ ಲೇಪವನ್ನು ತಿಂದ ಮೇಲೆ ಒರೆಸಿದರೂ ಗುರುತು ಹೋಗುವುದಿಲ್ಲ, ದೀಪಕ್ಕೆ ಎದುರಾಗಿ ತೆಗೆದ ಪ್ರತಿ ಚಿತ್ರದಲ್ಲೂ ಮಂಜು ಕವಿದ ಹಾಗೆ ಬರುತ್ತದೆ.